ಕಾದರೆ ಹೊರಡದ ಕಾರು

ಯಂತ್ರದೋಷಗಳಲ್ಲೆಲ್ಲ ಅತ್ಯಂತ ಕ್ಲೇಶಕರವಾದುದು, ಪರೀಕ್ಷಕನು ಎದುರಿಗೆ ಬಂದು ನಿಂತ ಕೂಡಲೆ ಅದೃಶ್ಯವಾಗಿಬಿಡುವ ದೋಷ. ಪ್ರತಿ ಸಂಜೆ ಏರಿ ಬೆಳಗಾಗುವುದರೊಳಗೆ ಇಳಿದುಹೋಗುವ ಜ್ವರದ ರೋಗಿಯನ್ನು ಬೆಳಗಿನ ಹತ್ತು ಗಂಟೆಗೆ ವೈದ್ಯನ ಬಳಿಗೆ ಕರೆದೊಯ್ದರೆ ನಾಡಿಯಲ್ಲಿ ಏನು ತಾನೆ ತಿಳಿದೀತು? ಎಂಜಿನ್ ಕಾದಾಗ ಮಾತ್ರ ಚಾಲೂ ಆಗಲೊಲ್ಲದ, ತಣಿದೊಡನೆ ಏನೂ ಆಗಿಲ್ಲವೆಂಬಂತೆ ಮೊದಲ ಸೆಲ್ಫಿಗೇ ಹೊರಟುಬಿಡುವ ಕಾರೊಂದರೊಡನೆ ಕೆಲವು ಕಾಲ ಹೆಣಗಿದ ನನಗೆ ಅದರಿಂದ ದೊರೆತ ತಿಳಿವಳಿಕೆ ಅಲ್ಪವಲ್ಲ. ಅದರ ಬಹುಭಾಗ ಲಭಿಸಿದ್ದು ಪೀಣ್ಯದ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ.

ಪೀಣ್ಯ ಎರಡನೆಯ ಹಂತದಲ್ಲಿ ನನ್ನದೊಂದು ಚಿಕ್ಕ ಟೂಲ್‌ರೂಮ್ ಉಂಟು. ಡೈ, ಜಿಗ್, ಫಿಕ್ಸ್ಚರುಗಳನ್ನು ಮಾಡಿಕೊಡುವ ಈ ಕಸುಬಿನಲ್ಲಿ ಗಿರಾಕಿಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಚದುರಿಕೊಂಡಿರುವುದರಿಂದ ನಗರದ ಒಂದು ಅಂಚಿನಿಂದ ಮತ್ತೊಂದು ಅಂಚಿಗೆ ಅಲೆಯುವುದು ಅನಿವಾರ್ಯ. ವೇಗದ ಕಾರುಗಳ ವಿಷಯದಲ್ಲಿ ಬಾಲ್ಯದಿಂದಲೂ ನನಗಿದ್ದ ಮೋಹದ ದೆಸೆಯಿಂದ, ಟರ್ಬೋ ಅಳವಡಿಸಿದ ಪೆಟ್ರೋಲ್ ಎಂಜಿನ್ನಿನ, ಯುರೋಪಿನಲ್ಲಿ ರೂಪುಗೊಂಡ ಹಳೆಯ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದೆ. ಸಿಲ್ಕ್ ಬೋರ್ಡ್ ಬಳಿಯಿಂದ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಸಾಗುವ, 2010ರಲ್ಲಿ ತೆರೆದ, ಸುಮಾರು 10 ಕಿಲೋಮೀಟರ್ ಉದ್ದದ ಮೇಲುರಸ್ತೆಯಲ್ಲಿ ಆ ಎಂಜಿನ್ ತನ್ನ ಸಾಮರ್ಥ್ಯವನ್ನು ಒಂದಿಷ್ಟಾದರೂ ತೋರಿಸುತ್ತಿದ್ದಾಗ ನನಗಾಗುತ್ತಿದ್ದ ಸಂತೋಷ ಸಾಮಾನ್ಯವಾದುದಲ್ಲ.

ವ್ಯಾಧಿ ಪ್ರಕಟವಾದದ್ದೂ ಆ ರಸ್ತೆಯ ತುದಿಯಲ್ಲಿಯೇ. ವೇಗವಾಗಿ ಓಡಿ ಬಂದ ಕಾರನ್ನು ಕಾರ್ಖಾನೆಯ ಗೇಟಿನ ಬಳಿ ನಿಲ್ಲಿಸಿ, ಸ್ಯಾಂಪಲ್ಲುಗಳನ್ನು ಒಪ್ಪಿಸಿ ಹಿಂದಿರುಗಿದರೆ, ಸೆಲ್ಫ್ ಚುರುಕಾಗಿ ತಿರುಗಿದರೂ ಎಂಜಿನ್ ಹೊತ್ತಿಕೊಳ್ಳದು. ಒಂದು ಗಂಟೆ ತಣಿಯಲು ಬಿಟ್ಟರೆ ಸರಾಗವಾಗಿ ಹೊರಡುವುದು. 2021ರ ಡಿಸೆಂಬರಿನಲ್ಲಿ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯನ್ನು ಅದರ ಉಕ್ಕಿನ ಕೇಬಲ್ಲುಗಳಲ್ಲಿ ದೋಷ ಕಂಡುಬಂದ ನಿಮಿತ್ತ ಮುಚ್ಚಿ, 2022ರ ಫೆಬ್ರವರಿಯಲ್ಲಿ ಲಘುವಾಹನಗಳಿಗಷ್ಟೆ ತೆರೆಯುವ ಪರ್ಯಂತ, ಗೊರಗುಂಟೆಪಾಳ್ಯದಿಂದ ಎಂಟನೆಯ ಮೈಲಿಯವರೆಗಿನ ವಾಹನಸಮೂಹವೆಲ್ಲ ಕೆಳಗಿನ ರಸ್ತೆಯಲ್ಲಿ ತೆವಳುತ್ತಿದ್ದಾಗ, ಗಾಳಿಯಾಡದೆ ಬೇಯುವ ಎಂಜಿನ್ನಿನಲ್ಲಿ ಈ ಲಕ್ಷಣ ಮತ್ತಷ್ಟು ಪದೇಪದೇ ಕಾಣಿಸಿತು. ಓಡುತ್ತಿರುವಾಗ ಅದು ಒಮ್ಮೆಯೂ ನಿಂತುಹೋಗಲಿಲ್ಲವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಬಹಳ ಬೆಲೆಯಿದೆ.

ಎಂಜಿನ್ ಆರಿಸಿದ ಕ್ಷಣದಿಂದಲೇ ಅದು ತಣಿಯತೊಡಗುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಆಗುವುದು ಇದಕ್ಕೆ ವಿಪರೀತ. ನೀರಿನ ಪಂಪು ನಿಂತು, ಎದುರುಗಾಳಿಯೂ ಇಲ್ಲವಾಗಿ, ಎಂಜಿನ್ನಿನ ಒಡಲಲ್ಲಿಯೂ ಟರ್ಬೋವಿನಲ್ಲಿಯೂ ಸಂಚಿತವಾದ ಉಷ್ಣವೆಲ್ಲ ಹೊರಕ್ಕೆ ಪಸರಿಸುವುದರಿಂದ, ಮುಂದಿನ ಸ್ವಲ್ಪ ಹೊತ್ತಿನವರೆಗೆ ಬಾನೆಟ್ಟಿನ ಕೆಳಗಿನ ವೈರು, ಪೈಪು, ಸೆನ್ಸರುಗಳು ಓಡುತ್ತಿದ್ದಾಗ ಇದ್ದುದಕ್ಕಿಂತಲೂ ಹೆಚ್ಚಾಗಿ ಕಾಯುತ್ತವೆ. ಕಾಫಿ ಕುಡಿದು ಮರಳುವಷ್ಟು ವಿರಾಮವೇ ಇಂಥ ಕಾರಿಗೆ ಅತ್ಯಂತ ಅಪಾಯದ ಸಮಯ.

ಹಳೆಯ ಕಾರುಗಳನ್ನು ಬಲ್ಲ ಮಿತ್ರರೆಲ್ಲರೂ ಏಕಕಂಠದಿಂದ ಹೇಳಿದ್ದು ಪೆಟ್ರೋಲ್ ಆವಿಯಾಗಿ ಪೈಪು ಕಟ್ಟಿಕೊಂಡಿದೆಯೆಂದು. ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ಘಾಟಿಯ ಏರಿನಲ್ಲಿ ಗಾಡಿ ನಿಂತರೆ ಚಾಲಕರು ಪೆಟ್ರೋಲ್ ಪಂಪಿನ ಮೇಲೆ ಒದ್ದೆಬಟ್ಟೆ ಹೊದಿಸುತ್ತಿದ್ದುದುಂಟು. ಅದು ಅನುಭವದಿಂದ ಬಂದ ಸರಿಯಾದ ಚಿಕಿತ್ಸೆಯೇ ಆಗಿತ್ತು. ಆ ಪಂಪು ಎಂಜಿನ್ನಿಗೆ ಅಂಟಿಕೊಂಡಿದ್ದು, ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರುತ್ತಿತ್ತು. ಇಂಜೆಕ್ಷನ್ ಕಾರುಗಳಲ್ಲಿಯಾದರೋ ಪಂಪು ಟ್ಯಾಂಕಿನೊಳಗೇ ಇದ್ದು, ಮೂರು ನಾಲ್ಕು ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಮುಂದಕ್ಕೆ ನೂಕುತ್ತದೆ. ಒತ್ತಡ ಹೆಚ್ಚಿದಷ್ಟೂ ಕುದಿಯುವ ಬಿಂದು ಮೇಲಕ್ಕೇರುವುದರಿಂದ ಆವಿಯ ತೊಂದರೆ ವಿರಳ. ಆರಿಸಿದ ತರುವಾಯ ಒತ್ತಡ ಸೋರಿಹೋಗುವ ದೋಷವಿದ್ದರೆ ಮಾತ್ರ ಅದು ಮರಳಿ ಬರುವುದುಂಟು. ಗೇಜು ಕಟ್ಟಿ ನೋಡಿದಾಗ ನನ್ನ ಕಾರಿನಲ್ಲಿ ಒತ್ತಡ ಸ್ಥಿರವಾಗಿಯೇ ನಿಂತಿತ್ತು.

ಗ್ಯಾರೇಜಿನವರು ಕಾರನ್ನು ಬೆಳಿಗ್ಗೆ ನೋಡಿದರು, ಬೆಳಿಗ್ಗೆಯೇ ಹಿಂದಿರುಗಿಸಿದರು. “ಸ್ಕ್ಯಾನರ್ ಹಾಕಿ ನೋಡಿದ್ವಿ, ಒಂದು ಕೋಡೂ ಇಲ್ಲ ಸಾರ್” ಎಂದರು. ಬಳಿಕ ಪಂಪು ಮಾತಾಡುತ್ತಿಲ್ಲವೆಂದು ಪಂಪನ್ನೂ, ಪ್ಲಗ್ಗಿಗೆ ಕರೆಂಟ್ ಬರುತ್ತಿಲ್ಲವೆಂದು ಕಾಯಿಲ್ಲುಗಳನ್ನೂ ಬದಲಾಯಿಸಿದರು. ವ್ಯಾಧಿ ಇದ್ದಲ್ಲಿಯೇ ಇತ್ತು.

ಅಲ್ಲಿಂದ ಮುಂದೆ, ಕಾರು ಕೈಕೊಟ್ಟ ಆ ಗಳಿಗೆಯಲ್ಲಿಯೇ, ತಣಿಯಲು ಬಿಡದೆ, ಕಂಡದ್ದನ್ನೆಲ್ಲ ಬರೆದಿಡತೊಡಗಿದೆ. ಸೆಲ್ಫ್ ಜೋರಾಗಿ ತಿರುಗುತ್ತದೆ. ಆದ್ದರಿಂದ ಬ್ಯಾಟರಿ, ಸ್ಟಾರ್ಟರುಗಳು ನಿರ್ದೋಷಿಗಳು. ಸೈಲೆನ್ಸರಿನಲ್ಲಿ ಪೆಟ್ರೋಲಿನ ವಾಸನೆಯಿಲ್ಲ. ಆದ್ದರಿಂದ ಎಂಜಿನ್ ತಣ್ಣಗಿದೆಯೆಂದು ಸುಳ್ಳು ಹೇಳಿ ಪೆಟ್ರೋಲನ್ನು ಅತಿಯಾಗಿ ಸುರಿಸಬಲ್ಲ ಉಷ್ಣತೆಯ ಸೆನ್ಸರೂ ಅಪರಾಧಿಯಲ್ಲ. ಕೀಲಿ ತಿರುವಿದೊಡನೆ ಹಿಂದಿನ ಸೀಟಿನಡಿಯಿಂದ ಪಂಪಿನ ಗುಂಯ್ ಸದ್ದು ಎರಡು ಸೆಕೆಂಡು ಕೇಳಿ ನಿಂತುಹೋಗುತ್ತದೆ, ಸೆಲ್ಫ್ ತಿರುಗುವಾಗ ಮತ್ತೆ ಕೇಳುವುದಿಲ್ಲ. ಮತ್ತು ಇವೆಲ್ಲಕ್ಕಿಂತ ಮುಖ್ಯವಾದುದು: ತಣ್ಣಗಿದ್ದಾಗ ಸೆಲ್ಫಿನ ಹೊತ್ತಿಗೇ ಅಲುಗುವ ಆರ್‌ಪಿಎಂ ಮುಳ್ಳು, ಕಾದಾಗ ಸೊನ್ನೆಯಿಂದ ಕದಲುವುದೇ ಇಲ್ಲ.

ಈ ಮುಳ್ಳಿನ ನಿಶ್ಚಲತೆಯಲ್ಲಿ ಪಂಪಿನ ಮೌನಕ್ಕೂ ಕಿಡಿಯ ಅಭಾವಕ್ಕೂ ಏಕಕಾರಣ ಅಡಗಿದೆ. ಎಂಜಿನ್ ತಿರುಗುವ ಸುದ್ದಿ ಮುಳ್ಳಿಗೆ ಬರುವುದು ಕ್ರ್ಯಾಂಕ್ ಸೆನ್ಸರಿನಿಂದ. ಈ ಸೆನ್ಸರ್ ಎಂಬುದು ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿ ಸುತ್ತಿದ ಚಿಕ್ಕ ಸುರುಳಿ. ಅದರ ಮುಂದೆ 60 ಹಲ್ಲುಗಳಿಗೆ ಎಡೆಯಿದ್ದು ಗುರುತಿಗಾಗಿ ಎರಡನ್ನು ಬಿಟ್ಟು 58 ಹಲ್ಲುಗಳನ್ನು ಕಡಿದ ಚಕ್ರ ತಿರುಗಿದಂತೆಲ್ಲ ಸುರುಳಿಯಲ್ಲಿ ವಿದ್ಯುತ್ತು ಮಿಡಿಯುತ್ತದೆ. ಆ ಮಿಡಿತ ಕಂಡರೆ ಮಾತ್ರ ಎಂಜಿನ್ ತಿರುಗುತ್ತಿದೆಯೆಂದು ಕಂಪ್ಯೂಟರು ನಂಬಿ ಪಂಪಿಗೂ ಪ್ಲಗ್ಗಿಗೂ ಅಪ್ಪಣೆ ಕೊಡುತ್ತದೆ. ಮಿಡಿತವಿಲ್ಲದಿದ್ದರೆ ಎಂಜಿನ್ ನಿಂತಿದೆಯೆಂದೇ ಅದರ ಲೆಕ್ಕ. ನಿಂತ ಎಂಜಿನ್ನಿನಲ್ಲಿ ದೋಷವೇನು ಬಂತೆಂದು, ನನ್ನದರಂಥ ಹಳೆಯ ಕಾರು ಕೋಡನ್ನೂ ದಾಖಲಿಸದೆ ಬಿಡಬಹುದು.

ಆದರೆ ಸೆನ್ಸರನ್ನು ಬಿಚ್ಚಿ ಮೀಟರಿಟ್ಟರೆ 1000 ಓಮಿನ ಆಸುಪಾಸಿನಲ್ಲಿ ಸರಿಯಾದ ಅಳತೆಯನ್ನೇ ತೋರಿತು. ಇದನ್ನು ಹಿಡಿದುಕೊಂಡು, ನಮ್ಮ ಮೆಷಿನ್ನುಗಳ ಮೋಟಾರು ಸುಟ್ಟಾಗ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿಯ ಯಜಮಾನರ ಬಳಿಗೆ ಹೋದೆ. ಆಯುಷ್ಯವನ್ನೆಲ್ಲ ಎನಾಮಲ್ ತಂತಿ, ವಾರ್ನಿಶ್ ಮತ್ತು ಓವನ್ನುಗಳ ನಡುವೆ ಕಳೆದ ಆ ಹಿರಿಯರು ಕಾರನ್ನು ಕುರಿತು ಒಂದು ಮಾತನ್ನೂ ಕೇಳಲಿಲ್ಲ. “ತಣ್ಣಗಿರೋವಾಗ ನೋಡಿದ್ರೆ ಏನ್ ಗೊತ್ತಾಗುತ್ತೆ ಸಾರ್? ಕಾಯಿಲ್ನ ಕಾಯ್ಸಿ ನೋಡ್ಬೇಕು” ಎಂದು ಮೀಟರಿನ ಕ್ಲಿಪ್ಪುಗಳನ್ನು ಸಿಕ್ಕಿಸಿ, ಸೆನ್ಸರಿನ ಮೇಲೆ ಹಾಟ್ ಏರ್ ಗನ್ನನ್ನು ಹಿಡಿದರು.

ಆ ದೃಶ್ಯವನ್ನು ನಾನು ಮರೆಯಲಾರೆ. ತಾಮ್ರದ ನಿರೋಧ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಶೇಕಡಾ 0.4ರ ಸಮೀಪ ಏರಬೇಕಾದದ್ದು ನಿಸರ್ಗನಿಯಮ. ಉಷ್ಣತೆ 80 ಡಿಗ್ರಿಯಷ್ಟು ಏರಿದರೆ 1000 ಓಮಿನ ಸುರುಳಿ ಸುಮಾರು 1300ಕ್ಕೆ ಬರಬೇಕು. ಮೊದಮೊದಲು ಅಂಕಿ ಹಾಗೆಯೇ ಏರುತ್ತ ಹೋಗಿ, ಒಂದು ಹಂತದಲ್ಲಿ ಸರಕ್ಕನೆ ಕುಸಿದು ಆರಂಭದ ಅಳತೆಗಿಂತಲೂ ಬಹು ಕೆಳಗೆ ನಿಂತಿತು. “ಟರ್ನ್ ಶಾರ್ಟು” ಎಂದರು ಯಜಮಾನರು. ತಂತಿಯ ಮೇಲಣ ಎನಾಮಲ್ ಜೀರ್ಣವಾಗಿ, ಕಾದು ಹಿಗ್ಗಿದಾಗ ಸುತ್ತಿಗೆ ಸುತ್ತು ತಾಗಿ, ಸುರುಳಿಯ ಬಹುಭಾಗ ನಿಷ್ಪ್ರಯೋಜಕವಾಗುತ್ತಿತ್ತು. ಓಡುವಾಗ ಎಂಜಿನ್ ಏಕೆ ನಿಲ್ಲುತ್ತಿರಲಿಲ್ಲವೆಂಬ ಪ್ರಶ್ನೆಗೂ ಇದರಲ್ಲಿಯೇ ಉತ್ತರ ದೊರೆಯಿತು: ಇಂಥ ಸೆನ್ಸರಿನ ಮಿಡಿತ ಚಕ್ರದ ವೇಗವನ್ನು ಅನುಸರಿಸಿ ಬಲಗೊಳ್ಳುವುದರಿಂದ, ನಿಮಿಷಕ್ಕೆ 800 ಸುತ್ತು ಮೀರಿ ತಿರುಗುವಾಗ ದುರ್ಬಲ ಸುರುಳಿಯಿಂದಲೂ ಕಂಪ್ಯೂಟರಿಗೆ ಕೇಳಿಸುವಷ್ಟು ಸದ್ದು ಹೊರಡುತ್ತದೆ, ಸೆಲ್ಫಿನ 200ರ ಆಸುಪಾಸಿನ ಸುತ್ತುಗಳಲ್ಲಿ ಅದು ಸಾಲದಾಗುತ್ತದೆ.

ಜೆ.ಸಿ. ರಸ್ತೆಯಲ್ಲಿ ಹೊಸ ಸೆನ್ಸರ್ ದೊರೆಯಿತು. ಬದಲಾಯಿಸಿದ ದಿನದಿಂದ ಕಾರು ಕಾದಾಗಲೂ ನಿರಾಯಾಸವಾಗಿ ಹೊರಡುತ್ತಿದೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಭಾಗಕ್ಕಿಂತ ವಿಧಾನ. ತಣಿದರೆ ಸರಿಹೋಗುತ್ತದೆಂಬುದು ಎಲ್ಲ ಸುಳುಹುಗಳಲ್ಲಿ ಅತ್ಯಂತ ದುರ್ಬಲವಾದುದು. ಕಾಯುತ್ತ ಕುಳಿತರೆ ಪಂಪು, ಕಾಯಿಲ್, ರಿಲೇ, ಸೆನ್ಸರುಗಳೆಲ್ಲವೂ ಒಟ್ಟಿಗೆ ತಣಿದು, ಯಾವುದು ಗುಣಹೊಂದಿತೆಂದು ಹೇಳಲು ಯಾರಿಗೂ ಸಾಧ್ಯವಿರದು. ಹಳೆಯ ಚಾಲಕರ ಒದ್ದೆಬಟ್ಟೆಯನ್ನು ಒಂದೊಂದೇ ಅಂಗದ ಮೇಲೆ, ಇತರ ಅಂಗಗಳು ಕಾದಿರುವಾಗಲೇ, ಸರದಿಯಂತೆ ಇಟ್ಟು ಸೆಲ್ಫ್ ಹೊಡೆದು ನೋಡಿದರೆ ಅದೇ ಬಟ್ಟೆ ಪರೀಕ್ಷೆಯ ಉಪಕರಣವಾಗುತ್ತದೆ. ಟರ್ಬೋ ಮತ್ತು ಸೈಲೆನ್ಸರಿನ ಕಾದ ಲೋಹಕ್ಕೆ ಮಾತ್ರ ನೀರು ಸೋಕಬಾರದು.

ಈಗ ನನ್ನ ಕಾರನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕನೊಡನೆ ನಾನು ಮಾಡಿಕೊಂಡಿರುವ ಒಪ್ಪಂದ ಇಷ್ಟು. ಇಂಥ ದೂರಿನ ಗಾಡಿ ಬಂದರೆ ಅದನ್ನು ನೆಲಮಂಗಲದವರೆಗೆ ಓಡಿಸಿ ತಂದು, ಆರಿಸಿ, ಬಾನೆಟ್ ಮುಚ್ಚಿಯೇ ಕೊಂಚ ಹೊತ್ತು ಬಿಟ್ಟು, ಅನಂತರ ಮೀಟರ್ ಹಿಡಿಯುವುದು. ತಣ್ಣನೆಯ ಅಳತೆಯನ್ನೂ ಕಾದ ಅಳತೆಯನ್ನೂ ಒಟ್ಟಿಗೆ ಬರೆದಿಡುವುದು. ಆ ಹೊತ್ತಿನ ಕೂಲಿಯನ್ನು ಯಾವ ಭಾಗವನ್ನೂ ಬದಲಾಯಿಸದಿದ್ದರೂ ಪೂರ್ತಿಯಾಗಿ ಪಡೆಯುವುದು.