ಅಮ್ಮನ ದಮ್ಮು, ಡಾಕ್ಟರ ಇಂಗ್ಲಿಷು

ಊರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ಮನೆಗಳಲ್ಲಿ ನಾವೆಲ್ಲ ಒಂದಲ್ಲ ಒಂದು ದಿನ ದುಭಾಷಿಗಳಾಗುತ್ತೇವೆ. ಅಂಗಡಿಯಲ್ಲಿ ತಪ್ಪಾದರೆ ನಕ್ಕು ಸುಮ್ಮನಾಗಬಹುದು. ಡಾಕ್ಟರ ಎದುರು ಹಾಗಲ್ಲ.

2018ರ ನವೆಂಬರ್ 8ರಂದು ಪ್ಯಾರಡೈಸ್ ಊರಿನ ಬಳಿ ಹೊತ್ತಿದ ಕ್ಯಾಂಪ್ ಫೈರ್ ಕಾಡ್ಗಿಚ್ಚಿನ ಹೊಗೆ ನಮ್ಮ ಹೇವರ್ಡ್‌ವರೆಗೂ ಬಂದು ಸುಮಾರು ಎರಡು ವಾರ ಕವಿದಿತ್ತು. 50ರೊಳಗೆ ಇರಬೇಕಾದ ಗಾಳಿಯ ಸೂಚ್ಯಂಕ ಬೇ ಏರಿಯಾದಲ್ಲಿ 200 ದಾಟಿ, 16ನೇ ತಾರೀಖು ಅನೇಕ ಶಾಲೆಗಳು ಮುಚ್ಚಿದವು. ಆಗ ನಮ್ಮ ತಾಯಿ ಇಲ್ಲಿದ್ದರು.

ಡಾಕ್ಟರ ಮುಂದೆ ಅಮ್ಮ ಹೇಳಿದ್ದು ಮೂರು ಮಾತು: "ಮೆಟ್ಟಿಲು ಹತ್ತಿದರೆ ಏದುಸಿರು ಬರ್ತದೆ, ರಾತ್ರಿ ಎದೆ ಬಿಗಿದ ಹಾಗೆ ಆಗ್ತದೆ, ಬೆಳಗಿನ ಜಾವ ಸುಯ್ ಅಂತ ಸದ್ದು." ನಾವು ಇಂಗ್ಲಿಷಿನಲ್ಲಿ ಹೇಳಿದ್ದು ಒಂದೇ: ಕೆಮ್ಮು, ಸ್ವಲ್ಪ ಉಸಿರಾಟದ ತೊಂದರೆ. ಸ್ಮೋಕಿಂಗ್ ಉಂಟೇ ಎಂದು ಡಾಕ್ಟರು ಕೇಳಿದಾಗ ಅಮ್ಮನನ್ನು ಕೇಳದೆಯೇ, ನಗುತ್ತ, ಇಲ್ಲ ಎಂದುಬಿಟ್ಟೆವು. ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಮೂವತ್ತು ವರ್ಷ ಸೌದೆ ಒಲೆ, ಬಚ್ಚಲ ಹಂಡೆಯ ಒಲೆ ಊದಿದವರು ಅವರು! ಬೀಡಿ ಮುಟ್ಟದ ಹೆಂಗಸರಿಗೂ ಒಲೆಯ ಹೊಗೆಯಿಂದ ಸಿಒಪಿಡಿ ಬರಬಹುದೆಂದು ನಮಗೆ ತಿಳಿದದ್ದು ಆಮೇಲೆ. ಎರಡನೆಯ ಸಲ ಹೋಗಿ ಒಲೆಯ ವಿಷಯ ಹೇಳಿದ ಮೇಲೆಯೇ ಅವರು ಸ್ಪೈರೋಮೆಟ್ರಿ ಮಾಡಿಸಿದ್ದು.

ಈ ಪರೀಕ್ಷೆ ಸರಳ. ಉಸಿರನ್ನು ಪೂರ್ತಿ ಎಳೆದು ರಭಸದಿಂದ ಊದಬೇಕು. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಒಟ್ಟು ಊದಿದ ಗಾಳಿಯಿಂದ ಭಾಗಿಸುತ್ತಾರೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಅದು 0.70ಕ್ಕಿಂತ ಕಡಿಮೆ ಇದ್ದರೆ ಸಿಒಪಿಡಿ ಇರಬಹುದು, ಅಂದರೆ ಕಿರಿದಾದ ಶ್ವಾಸನಾಳ ಮತ್ತೆ ಪೂರ್ತಿ ತೆರೆಯುತ್ತಿಲ್ಲ. ಆಸ್ತಮಾದಲ್ಲಿ ನಾಳ ಬಿಗಿಯುತ್ತದೆ, ಸಡಿಲವೂ ಆಗುತ್ತದೆ. ನಮ್ಮಲ್ಲಿ ಎರಡಕ್ಕೂ ಉಬ್ಬಸ, ಗೂರಲು, ದಮ್ಮು ಎಂದೇ ಹೇಳುವುದು. ದಮ್ಮು ಎಂದರೆ ಸಿಗರೇಟು ಎಳೆಯುವುದೂ ಹೌದು, ಧೈರ್ಯವೂ ಹೌದು. ಇಲ್ಲಿ ಹುಟ್ಟಿದ ಮಕ್ಕಳಿಂದ ಅನುವಾದ ಮಾಡಿಸುವವರು ಎಚ್ಚರ!

ಆದ್ದರಿಂದ ರೋಗದ ಹೆಸರು ಹೇಳುವುದು ಬೇಡ, ಲಕ್ಷಣ ಹೇಳೋಣ. ಏದುಸಿರಿಗೆ ಶಾರ್ಟ್‌ನೆಸ್ ಆಫ್ ಬ್ರೆತ್. ಸುಯ್ ಎನ್ನುವ ಸದ್ದಿಗೆ ವೀಸಿಂಗ್. ಎದೆ ಬಿಗಿತಕ್ಕೆ ಚೆಸ್ಟ್ ಟೈಟ್‌ನೆಸ್. ಎದೆಯುರಿ ಬೇರೆ, ಅದು ಹಾರ್ಟ್‌ಬರ್ನ್, ಸಾಮಾನ್ಯವಾಗಿ ಹೊಟ್ಟೆಯ ಆಮ್ಲದ್ದು. ಕಫ ಯಾವ ಬಣ್ಣ, ರಕ್ತ ಉಂಟೇ ಎಂಬುದನ್ನು ನಾಚಿಕೆಯಿಲ್ಲದೆ ಹೇಳಬೇಕು.

ಔಷಧಿಯ ಹೆಸರುಗಳದ್ದು ಇನ್ನೂ ದೊಡ್ಡ ಗೊಂದಲ. ಊರಿನ ಆಸ್ತಾಲಿನ್ ಪಂಪಿನಲ್ಲಿರುವುದು ಸಾಲ್ಬ್ಯುಟಮಾಲ್. ಅದನ್ನೇ ಅಮೆರಿಕದಲ್ಲಿ ಆಲ್ಬ್ಯುಟೆರಾಲ್ ಎನ್ನುತ್ತಾರೆ. ಬೇರೆ ಬೇರೆ ಎಂದು ತಿಳಿದು ಎರಡನ್ನೂ ಎಳೆದುಕೊಂಡರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ. ಇದು ತಕ್ಷಣದ ಆರಾಮಕ್ಕೆ. ಫೋರಾಕಾರ್ಟ್‌ನಲ್ಲಿ ಸ್ಟೀರಾಯ್ಡ್ ಇರುವುದರಿಂದ ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಹುಷಾರಾಯಿತೆಂದು ತಾವಾಗಿ ನಿಲ್ಲಿಸಬಾರದು. ಡೆರಿಫಿಲಿನ್ ಮಾತ್ರೆಯನ್ನಂತೂ ಮರೆಯದೆ ತೋರಿಸಿ. ಅದರಲ್ಲಿರುವ ಥಿಯೋಫಿಲಿನ್ ಇಲ್ಲಿ ಈಗ ಅಪರೂಪ; ಸಿಪ್ರೋಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಜೊತೆ ಸೇರಿದರೆ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು. ಹೆಸರು ನೆನಪಿಲ್ಲದಿದ್ದರೆ ಖಾಲಿ ಸ್ಟ್ರಿಪ್ ಒಯ್ದರೂ ಸಾಕು.

ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಉಚಿತವಾಗಿ ದುಭಾಷಿಯ ನೆರವು ಕೊಡಬೇಕು, ಫೋನಿನಲ್ಲಾದರೂ ಕೊಡುತ್ತಾರೆ. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡ ಎಂದು ಕೇಳಿ. ಮಗನ ಮುಂದೆ ಹೇಳಲು ಸಂಕೋಚಪಡುವುದನ್ನು ಅಮ್ಮಂದಿರು ಗುರುತಿಲ್ಲದವರ ಹತ್ತಿರ ಹೇಳಿಯಾರು. ಆದರೆ ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ, ಯಾವ ಭಾಷೆಗೂ ಕಾಯದೆ 911ಕ್ಕೆ ಫೋನ್ ಮಾಡಬೇಕು.

ನಾವು ವೈದ್ಯರಲ್ಲ, ಕಂಪ್ಯೂಟರ್ ಕೆಲಸದವರು. ಲಕ್ಷಣ, ಔಷಧಿ, ಒಲೆಯ ವರ್ಷಗಳು, ಎಲ್ಲವನ್ನೂ ಎರಡೂ ಭಾಷೆಯಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೇವೆ. ಅಮ್ಮ ಅದನ್ನು ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಿದ್ದಾರೆ.