ಸರಾಸರಿ ಬೆಲೆ ಯಾರಿಗೆ ಸಿಕ್ಕಿತು?

ಬೋಧನಾಭ್ಯಾಸದ ಮೂರನೇ ವಾರ ಕೋಲಾರ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಸರಾಸರಿ, ಮಧ್ಯಾಂಕ ಮತ್ತು ಬಹುಲಕ ಪಾಠ ಮಾಡಿದೆ. ಆ ಪಾಠದಲ್ಲಿ ನಾನು ಮಾಡಿದ ತಪ್ಪು ಮತ್ತು ಅದನ್ನು ತಿದ್ದಿಕೊಂಡ ಬಗೆಯನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಮೊದಲ ಪಾಠ

ಮಕ್ಕಳ ಪರಿಸರದಿಂದಲೇ ಉದಾಹರಣೆ ಇರಲಿ ಎಂದು ಟೊಮೆಟೊ ಆರಿಸಿಕೊಂಡೆ. ಅಲ್ಲಿ ಹೆಚ್ಚಿನ ಮಕ್ಕಳ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. ಒಂದು ದಿನದ ಹರಾಜಿನಲ್ಲಿ ಒಂಬತ್ತು ರೈತರ ಲಾಟುಗಳಿಗೆ 15 ಕೆ.ಜಿ. ಬಾಕ್ಸ್‌ ಒಂದಕ್ಕೆ ಸಿಕ್ಕ ಬೆಲೆ ಎಂದು ಕಲ್ಪಿಸಿ, ಕಪ್ಪುಹಲಗೆಯ ಮೇಲೆ ಹೀಗೆ ಬರೆದೆ:

180, 200, 200, 200, 220, 240, 260, 300, 900 ರೂ.

ಮಕ್ಕಳು ಚುರುಕಾಗಿ ಕೂಡಿದರು. ಮೊತ್ತ 2,700, ಸರಾಸರಿ 300. ನಾನು ಖುಷಿಯಿಂದ, "ಅಂದರೆ ಸಾಮಾನ್ಯವಾಗಿ ರೈತನಿಗೆ ಬಾಕ್ಸ್‌ಗೆ ಮುನ್ನೂರು ರೂಪಾಯಿ ಸಿಕ್ಕಿತು" ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಇಲ್ಲ ಮಿಸ್, ಹೋದ ವಾರ ಎಲ್ಲರೂ ರೇಟು ಚೆನ್ನಾಗಿದೆ ಅಂದರು. ನಮ್ಮಪ್ಪಂಗೆ ಇನ್ನೂರೇ ಸಿಕ್ಕಿದ್ದು" ಎಂದಳು. "ಅದು ಬೇರೆ ವಿಷಯ, ಕೂತ್ಕೊಳಮ್ಮ" ಎಂದು ಸೂತ್ರಕ್ಕೆ ಹೋದೆ.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ನಾಲ್ಕೇ ಪದ: "ಲೆಕ್ಕ ಸರಿ, ಅರ್ಥ ತಪ್ಪು." ಆ ರಾತ್ರಿ ಹಲಗೆಯ ಅಂಕಿಗಳನ್ನು ಮತ್ತೆ ನೋಡಿದೆ. ಒಂಬತ್ತು ಮಂದಿಯಲ್ಲಿ ಏಳು ಮಂದಿಗೆ ಮುನ್ನೂರಕ್ಕಿಂತ ಕಡಿಮೆ ಸಿಕ್ಕಿತ್ತು. ಒಬ್ಬನ 900 ರೂಪಾಯಿ ಇಡೀ ಸರಾಸರಿಯನ್ನು ಮೇಲಕ್ಕೆ ಎಳೆದಿತ್ತು. ಆ ಹುಡುಗಿ ಹೇಳಿದ್ದು ಬೇರೆ ವಿಷಯವಾಗಿರಲಿಲ್ಲ, ಅದೇ ಪಾಠವಾಗಿತ್ತು.

ಮರುಪಾಠ

ಮರುದಿನ ಅವಳ ಮಾತಿನಿಂದಲೇ ಪೀಠಿಕೆ ಹಾಕಿದೆ. ಒಂಬತ್ತು ಮಕ್ಕಳನ್ನು ಬೆಲೆ ಚೀಟಿ ಹಿಡಿಸಿ ಏರಿಕೆ ಕ್ರಮದಲ್ಲಿ ನಿಲ್ಲಿಸಿದೆ. ನಡುವೆ ನಿಂತವನ ಚೀಟಿ 220, ಅದೇ ಮಧ್ಯಾಂಕ. ಅತಿ ಹೆಚ್ಚು ಬಾರಿ ಬಂದದ್ದು 200, ಅದೇ ಬಹುಲಕ. ಬಳಿಕ 900ರ ಚೀಟಿಯನ್ನು ತಿದ್ದಿ 1,800 ಮಾಡಿದೆವು. ಸರಾಸರಿ 400ಕ್ಕೆ ಏರಿತು, ನಡುವಿನವನು ಅಲುಗಾಡಲಿಲ್ಲ. ವ್ಯಾಖ್ಯೆ ಬರೆಸುವ ಮೊದಲೇ ಮಕ್ಕಳಿಗೆ ವ್ಯತ್ಯಾಸ ತಿಳಿಯಿತು.

ಎ.ಪಿ.ಎಂ.ಸಿ. ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ಬೆಲೆಗಳ ಜೊತೆ ಮಾದರಿ ಬೆಲೆಯೂ ಇರುತ್ತದೆ. ಹೆಚ್ಚಿನ ವ್ಯಾಪಾರ ನಡೆದ ಬೆಲೆ ಅದು, ನಮ್ಮ ಬಹುಲಕದ ಕಲ್ಪನೆಯೇ. ಊರಲ್ಲಿ ಬಾಯಿಂದ ಬಾಯಿಗೆ ಹರಡುವುದು ಮಾತ್ರ ಗರಿಷ್ಠ ಬೆಲೆ.

ನಂತರ ಕೇಳಿದೆ: ಬೆಳೆದು, ಕೊಯ್ದು, ಸಾಗಿಸಿ, ಕಮಿಷನ್ ಕೊಡುವಷ್ಟರಲ್ಲಿ ಬಾಕ್ಸ್‌ಗೆ 250 ರೂ. ಖರ್ಚಾಗಿದ್ದರೆ? ಸರಾಸರಿಯ ಪ್ರಕಾರ 50 ರೂ. ಲಾಭ. ಸಾಲನ್ನು ಎಣಿಸಿದರೆ ಒಂಬತ್ತರಲ್ಲಿ ಆರು ಮಂದಿಗೆ ನಷ್ಟ. ತರಗತಿ ಒಂದು ಕ್ಷಣ ಸುಮ್ಮನಾಯಿತು.

"ಹಂಗಾದ್ರೆ ಸರಾಸರಿ ಸುಳ್ಳಾ ಮಿಸ್?" ಎಂದ ಒಬ್ಬ. ಸುಳ್ಳಲ್ಲ. ಎಲ್ಲರ ಬಾಕ್ಸುಗಳ ಸಂಖ್ಯೆ ಒಂದೇ ಆಗಿದ್ದರೆ, ಆ ದಿನದ ಒಟ್ಟು ವಹಿವಾಟು ತಿಳಿಯಲು ಸರಾಸರಿಯೇ ಬೇಕು. ನನ್ನಂಥ ರೈತನಿಗೆ ಎಷ್ಟು ಸಿಗಬಹುದು ಎಂದು ತಿಳಿಯಲು ಮಧ್ಯಾಂಕ ಮೇಲು. "ಟೊಮೆಟೊ ಹಾಕಬಾರದಾ?" ಎಂದಳು ಅದೇ ಹುಡುಗಿ. ಒಂದು ದಿನದ ಅಂಕಿಯಿಂದ ಅದನ್ನು ತೀರ್ಮಾನಿಸಲಾಗದು. ಹಲವು ವಾರಗಳ, ಹಲವು ವರ್ಷಗಳ ಬೆಲೆ ನೋಡಬೇಕು ಎಂದೆ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ರೂ. ದಾಟಿದ್ದನ್ನು ಮಕ್ಕಳೇ ನೆನಪಿಸಿದರು. ಅದು ಆ ವರ್ಷದ '900ರ ಚೀಟಿ' ಎಂದು ಅವರೇ ಹೆಸರಿಟ್ಟರು.

ಮೌಲ್ಯಮಾಪನ

ಕೊನೆಗೆ ಹೊಸ ಸನ್ನಿವೇಶ ಕೊಟ್ಟೆ: ಐವರು ಕೆಲಸ ಮಾಡುವ ಅಂಗಡಿಯಲ್ಲಿ ಸರಾಸರಿ ಸಂಬಳ 20,000 ರೂ. ಎಂದು ಜಾಹೀರಾತು ಇದೆ. ಸೇರುವ ಮುನ್ನ ಏನು ಕೇಳುವಿರಿ? ಕೆಲವರು "ನನಗೂ 20,000 ಬರುತ್ತದೆ" ಎಂದೇ ಬರೆದರು; ಅವರಿಗೆ ಇನ್ನೊಂದು ಪಾಠ ಬೇಕು. ಹೆಚ್ಚಿನವರು "ಒಬ್ಬೊಬ್ಬರಿಗೆ ಎಷ್ಟೆಷ್ಟು?" ಎಂದು ಕೇಳಿದ್ದರು. ನಾಲ್ವರಿಗೆ 12,000, ಮ್ಯಾನೇಜರಿಗೆ 52,000 ಇದ್ದರೂ ಸರಾಸರಿ 20,000ವೇ ಎಂದು ತೋರಿಸಿದಾಗ ನಗು ಎದ್ದಿತು.

ನಾನು ಕಲಿತದ್ದು

ಈಗ ನನ್ನ ಪಾಠ ಯೋಜನೆಯಲ್ಲಿ ಸೂತ್ರಕ್ಕಿಂತ ಮೊದಲು ಮೂರು ಪ್ರಶ್ನೆಗಳಿವೆ: ಅಂಕಿಗಳು ಎಷ್ಟು ಹರಡಿವೆ? ಎಷ್ಟು ಮಂದಿ ಸರಾಸರಿಗಿಂತ ಕೆಳಗಿದ್ದಾರೆ? ಈ ಅಂಕಿಯಿಂದ ಯಾರು, ಏನು ತೀರ್ಮಾನ ಮಾಡಬೇಕು? ನಾಲ್ಕನೆಯದು ನನಗಾಗಿ: ತರಗತಿಯಲ್ಲಿ "ಇಲ್ಲ ಮಿಸ್" ಎಂದವರ ಮಾತನ್ನು ಪೂರ್ತಿ ಕೇಳಿದೆನೇ?