ಕೆರೆಗೆ ಹೋದ ಮಣ್ಣು

ಮಕ್ಕಳೇ, ನಮ್ಮ ಮಮದಾಪುರದ ದೊಡ್ಡ ಕೆರೆ, ಸಣ್ಣ ಕೆರೆ ಎರಡನ್ನೂ ಕಟ್ಟಿಸಿದವನು ಮಹಮ್ಮದ್ ಆದಿಲ್ ಶಾಹ. ಶಾಲೆಯ ಪ್ರವಾಸದಲ್ಲಿ ವಿಜಯಪುರಕ್ಕೆ ಹೋಗಿ ಗೋಲಗುಮ್ಮಟದೊಳಗೆ ಕೂಗಿ ಕೂಗಿ ಪ್ರತಿಧ್ವನಿ ಕೇಳುತ್ತೀರಲ್ಲ, ಅಲ್ಲಿ ಮಣ್ಣಾಗಿರುವ ಅರಸ ಅವನೇ. ಕೆರೆ ಕಟ್ಟಿಸಿದ್ದು 1633ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ, ಹತ್ತಿರ ಹತ್ತಿರ ನಾನೂರು ಮಳೆಗಾಲ, ಸುತ್ತಲಿನ ಹೊಲಗಳ ನೀರು ಈ ಕೆರೆಗಳಿಗೆ ಇಳಿದು ಬಂದಿದೆ. ನೀರು ಬರಿಗೈಯಲ್ಲಿ ಬರುವುದಿಲ್ಲ. ಹಾದು ಬಂದ ಹೊಲದ ಮಣ್ಣನ್ನು ಹೊತ್ತು ತರುತ್ತದೆ. ಬೇಸಿಗೆಗೆ ನೀರು ಆರುತ್ತದೆ, ಮಣ್ಣು ತಳದಲ್ಲಿ ಕೂಡುತ್ತದೆ. ಅದನ್ನೇ ನಾವು ಹೂಳು ಅನ್ನುತ್ತೇವೆ. ಕೆರೆ ಒಣಗಿದ ವರ್ಷ ನಮ್ಮ ಸೀಮೆಯ ರೈತರು ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿ, ಆಳಿಗೆ ಕೂಲಿ ಕೊಟ್ಟು ಆ ಹೂಳನ್ನು ಹೇರಿಕೊಂಡು ಹೋಗಿ ಹೊಲಕ್ಕೆ ಹರಡುತ್ತಾರೆ. ಬೆಳೆ ಚೆನ್ನಾಗಿ ಬರುತ್ತದೆ. ಬರದೇ ಏನು, ಅದು ಅವರ ಹೊಲದಿಂದಲೇ ಹರಿದು ಹೋದ ಒಳ್ಳೆಯ ಮಣ್ಣು. ಪುಕ್ಕಟೆ ಹೋದದ್ದನ್ನು ದುಡ್ಡು ಕೊಟ್ಟು ತರುತ್ತಾರೆ. ತಂದದ್ದು ಕೂಡ ಹೋದದ್ದರ ಒಂದು ಪಾಲು ಮಾತ್ರ, ಉಳಿದದ್ದು ಹಳ್ಳ ಹಿಡಿದು ಹೊಳೆ ಸೇರಿತು.

ನಿಮಗೆ ನಾನು ಹೇಳಬೇಕೆಂದಿರುವುದು ಇಷ್ಟೇ: ನಮ್ಮ ಹೊಲದ ಮಣ್ಣು ನಮ್ಮ ಹೊಲದಲ್ಲೇ ಉಳಿಯಬೇಕು. ಅದು ಹೇಗೆ ಹೋಗುತ್ತದೆ, ಹೇಗೆ ನಿಲ್ಲುತ್ತದೆ ಅನ್ನುವುದನ್ನು ನೀವು ಐದನೇ, ಆರನೇ ಇಯತ್ತೆಯಲ್ಲಿರುವಾಗಲೇ ತಿಳಿಯಬೇಕು. ದೊಡ್ಡವರಾದ ಮೇಲೆ ಕಲಿಯೋಣ ಅಂದರೆ ಅಷ್ಟರಲ್ಲಿ ಇನ್ನಷ್ಟು ಹೋಗಿರುತ್ತದೆ.

ಮೊದಲು ಮಣ್ಣು ಅಂದರೇನು, ನೋಡೋಣ. ಹೊಸದಾಗಿ ತೋಡಿದ ಬಾವಿಯೋ ಕೃಷಿ ಹೊಂಡವೋ ಕಂಡರೆ ದಂಡೆಯಿಂದ ದೂರ ನಿಂತು, ದೊಡ್ಡವರ ಜೊತೆ, ಅದರ ಗೋಡೆಯನ್ನು ನೋಡಿ. ಎಲ್ಲಕ್ಕೂ ಮೇಲೆ ಬೇರು ತುಂಬಿದ ಸಡಿಲ ಮಣ್ಣು. ಅದರ ಕೆಳಗೆ ಗಟ್ಟಿ ಎರೆ, ನಡುನಡುವೆ ಬಿಳಿ ಸುಣ್ಣದ ಹರಳು. ಅದರ ಕೆಳಗೆ ಗರಸು. ಎಲ್ಲಕ್ಕೂ ಕೆಳಗೆ ಕರಿಕಲ್ಲು. ಆ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿ ಹರಿದ ಲಾವಾ ತಣ್ಣಗಾಗಿ ಆದದ್ದು. ನಮ್ಮ ಜಿಲ್ಲೆಯ ಬಹುಭಾಗ, ಆಚೆ ಸೊಲ್ಲಾಪುರ, ಸಾಂಗಲಿ ಸೀಮೆಯೆಲ್ಲ ಆ ಕಲ್ಲಿನ ಮೇಲೇ ಕೂತಿದೆ. ಹಗಲು ಕಾದು, ರಾತ್ರಿ ತಣಿದು, ಬಿರುಕಿಗೆ ನೀರಿಳಿದು, ಬೇರು ಹೊಕ್ಕು, ಕಲ್ಲು ಸವೆದು ಸವೆದು ಮಣ್ಣಾಗುತ್ತದೆ. ಒಂದು ಅಂಗುಲ ಮಣ್ಣು ಆಗಲು ನೂರಾರು ವರ್ಷ ಬೇಕು, ಕೆಲವು ಕಡೆ ಸಾವಿರ ವರ್ಷವೂ ಹಿಡಿಯುತ್ತದೆ. ಅಂದರೆ ಆ ಅರಸ ಕೆರೆ ಕಟ್ಟಿಸಿದಂದಿನಿಂದ ಇಂದಿನವರೆಗೆ ಹೊಸದಾಗಿ ಹುಟ್ಟಿದ ಮಣ್ಣು ನಿಮ್ಮ ಬೆರಳಿನ ಒಂದು ಗೆಣ್ಣಿನಷ್ಟು ದಪ್ಪವೂ ಇರಲಿಕ್ಕಿಲ್ಲ.

ಇನ್ನು ಹೋಗುವ ಲೆಕ್ಕ. ಒಂದು ಎಕರೆ ಹೊಲದ ಮೇಲಿಂದ ಬರೀ ಒಂದು ಮಿಲಿಮೀಟರ್, ನಿಮ್ಮ ಸ್ಕೇಲಿನ ಅತಿ ಸಣ್ಣ ಗೆರೆಯಷ್ಟು, ಮಣ್ಣು ತೊಳೆದು ಹೋಯಿತು ಅನ್ನಿ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ತೂಗಿದರೆ ಅದು ಸುಮಾರು 5 ಟನ್. ಒಂದೆರಡು ಜೋರು ಮಳೆಗೆ ಅಷ್ಟು ಮಣ್ಣು ಸದ್ದಿಲ್ಲದೆ ಹೋಗಬಲ್ಲದು. ಗಣಿತದ ಮೇಷ್ಟ್ರ ಹತ್ತಿರ ಕೂತು ಈ ಲೆಕ್ಕವನ್ನು ನೀವೇ ಮಾಡಿ ನೋಡಿ: ಎಕರೆ ಅಂದರೆ ಎಷ್ಟು ಚದರ ಮೀಟರ್, ಅದರ ಮೇಲೆ ಒಂದು ಮಿಲಿಮೀಟರ್ ಅಂದರೆ ಎಷ್ಟು ಘನ ಮೀಟರ್, ಒಂದು ಘನ ಮೀಟರ್ ಮಣ್ಣಿನ ತೂಕ ಎಷ್ಟು. ಪುಸ್ತಕದಲ್ಲಿರುವ ಹಣ್ಣಿನಂಗಡಿಯ ಲೆಕ್ಕಕ್ಕಿಂತ ಇದು ನಿಮಗೆ ಹತ್ತಿರದ್ದು.

ಹಾಗೆ ಹೋಗುವುದು ಯಾವಾಗಲೂ ಮೇಲಿನ ಮಣ್ಣು. ಅದು ಹಾಲಿನ ಮೇಲಿನ ಕೆನೆ. ಗೊಬ್ಬರದ ಸತ್ವ, ಕೊಳೆತ ಎಲೆ, ಬೇರು, ಎರೆಹುಳು, ಕಣ್ಣಿಗೆ ಕಾಣದ ಕೋಟಿಗಟ್ಟಲೆ ಸೂಕ್ಷ್ಮಜೀವಿ, ಎಲ್ಲ ಇರುವುದು ಅದರಲ್ಲೇ. ಒಳ್ಳೆಯ ಮಣ್ಣನ್ನು ಒಂದು ಡಬ್ಬಿ ತುಂಬ ತೆಗೆದುಕೊಂಡರೆ ಅದರಲ್ಲಿ ಅರ್ಧ ಮಾತ್ರ ಗಟ್ಟಿ ಪದಾರ್ಥ. ಉಳಿದರ್ಧ ಸಂದುಗೊಂದಿ, ಅದರಲ್ಲಿ ಒಂದಿಷ್ಟು ನೀರು, ಒಂದಿಷ್ಟು ಗಾಳಿ. ಗಟ್ಟಿ ಪದಾರ್ಥದಲ್ಲೂ ಹೆಚ್ಚಿನದು ಕಲ್ಲಿನ ಪುಡಿ. ಸತ್ತ ಗಿಡ, ಹುಳಗಳಿಂದಾದ ಸಾವಯವ ಅಂಶ ತೀರ ಸ್ವಲ್ಪ. ಆ ಸ್ವಲ್ಪವೇ ಮಣ್ಣಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡುವುದು. ನಮ್ಮ ಮಣ್ಣು ಕಪ್ಪಗಿದೆ, ಹಾಗಾಗಿ ಸತ್ವ ತುಂಬಿದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. ಕಪ್ಪು ಬಣ್ಣ ಬಹುಮಟ್ಟಿಗೆ ಆ ಕರಿಕಲ್ಲಿನ ಖನಿಜದಿಂದ ಬಂದದ್ದು. ಸಾವಯವ ಅಂಶ ನಮ್ಮ ಎರೆಯಲ್ಲಿ ಕಡಿಮೆಯೇ ಇದೆ. ಅದಕ್ಕೇ ತಿಪ್ಪೆಗೊಬ್ಬರ ಬೇಕು ಬೇಕು ಎಂದು ಹಿರಿಯರು ಹೇಳುವುದು.

ಎರೆಯ ಗುಣ ನಿಮಗೆ ಕೈಯಿಂದ ಗೊತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ, ಆಷಾಢದ ಮಂಗಳವಾರ ಗುಳ್ಳವ್ವನನ್ನು ಮಾಡುವಾಗ ಎರೆ ಮಣ್ಣನ್ನೇ ಹುಡುಕಿ ತರುತ್ತೀರಿ. ಮಸಾರಿ ಮಣ್ಣಿನಲ್ಲಿ ಎತ್ತಿನ ಕೋಡು ನಿಲ್ಲುವುದಿಲ್ಲ. ಎರೆಯಲ್ಲಿ ಜೇಡಿಯ ಕಣ ಹೆಚ್ಚು. ಒಂದೊಂದು ಕಣ ಮಿಲಿಮೀಟರಿನ ಐನೂರನೇ ಒಂದು ಪಾಲಿಗಿಂತಲೂ ಸಣ್ಣದು. ಅಷ್ಟು ಸಣ್ಣ ಕಣ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುವುದು ಅದಕ್ಕೇ. ಮೇಲಿನ ಪುಡಿಮಣ್ಣು ಆ ಬಿರುಕಿಗೆ ಬಿದ್ದು ಕೆಳಗೆ ಸೇರುತ್ತದೆ, ಎರೆ ತನ್ನನ್ನು ತಾನೇ ಉಳುತ್ತದೆ. ಮೊದಲ ಮಳೆಯ ನೀರು ಬಿರುಕಿನಿಂದ ಆಳಕ್ಕೆ ಇಳಿಯುತ್ತದೆ. ಆ ಹಸಿಯೇ ಹಿಂಗಾರಿ ಬಿಳಿಜೋಳವನ್ನು ಮುಂದೆ ಮಳೆಯಿಲ್ಲದೆ ಚಳಿಗಾಲವಿಡೀ ಸಾಕುತ್ತದೆ. ಒಂದು ಹನಿ ಮಳೆ ಬೀಳದ ಪುಷ್ಯ ಮಾಸದಲ್ಲೂ ತೆನೆ ಕಟ್ಟುವ ಮಾಲ್ದಂಡಿ ಜೋಳ ಕುಡಿಯುತ್ತಿರುವುದು ಭಾದ್ರಪದದ ನೀರನ್ನು. ಈ ಮಾತನ್ನು ನೆನೆದಾಗಲೆಲ್ಲ ನನಗೆ ಈ ಮಣ್ಣಿನ ಮೇಲೆ ಭಕ್ತಿ ಹುಟ್ಟುತ್ತದೆ.

ಆದರೆ ಅದೇ ಎರೆ ಒಮ್ಮೆ ನೆನೆದು ಉಬ್ಬಿದರೆ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ಮಳೆ ಬೇಗ ಒಳಗೆ ಇಳಿಯುವುದಿಲ್ಲ, ಮೇಲೇ ಹರಿಯುತ್ತದೆ. ದೊಡ್ಡ ಹನಿಯೊಂದು ನೆಲಕ್ಕೆ ಬಡಿಯುವ ವೇಗ ತಾಸಿಗೆ ಸುಮಾರು 30 ಕಿಲೋಮೀಟರ್. ಬರಿ ನೆಲಕ್ಕೆ ಬಡಿದರೆ ಹೆಂಟೆ ಒಡೆದು ಕಣ ಸಿಡಿಯುತ್ತವೆ, ಹರಿಯುವ ನೀರು ಅವನ್ನು ಎತ್ತಿಕೊಂಡು ಹೋಗುತ್ತದೆ. ಎಲೆಯ ಮೇಲೋ ಹುಲ್ಲಿನ ಮೇಲೋ ಬಿದ್ದರೆ ಹನಿಯ ಪೆಟ್ಟು ಅಲ್ಲೇ ಮುಗಿಯಿತು.

ಇಲ್ಲೊಂದು ತೊಡಕಿದೆ, ಗಮನವಿಟ್ಟು ಕೇಳಿ. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆಯೇ 600 ಮಿಲಿಮೀಟರ್ ಆಸುಪಾಸು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜೋಳ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಎಷ್ಟೋ ಎರೆ ಹೊಲಗಳನ್ನು ಕುಂಟಿ ಹೊಡೆದು ಬರಿದಾಗಿ ಬಿಟ್ಟಿರುತ್ತಾರೆ. ಅಂದರೆ ಮಳೆ ಜೋರಿರುವ ತಿಂಗಳಲ್ಲೇ ನೆಲದ ಮೇಲೆ ಏನೂ ಇರುವುದಿಲ್ಲ. ಮಣ್ಣು ಹೋಗುವುದು ಆವಾಗಲೇ. ಕೆಲವರು ಮುಂಗಾರಿಗೆ ಹೆಸರು ಬಿತ್ತಿ, ಕಾಯಿ ಬಿಡಿಸಿಕೊಂಡು, ಆಮೇಲೆ ಜೋಳ ಬಿತ್ತುತ್ತಾರೆ. ಹೆಸರಿನ ಎಲೆ ನೆಲ ಮುಚ್ಚುತ್ತದೆ, ಬೇರಿನ ಗಂಟು ಗಾಳಿಯ ಸಾರಜನಕವನ್ನು ಮಣ್ಣಿಗೆ ಕೊಡುತ್ತದೆ. ಮಳೆ ಕೈಕೊಟ್ಟ ವರ್ಷ ಹೆಸರು ಬೆಳೆದರೆ ಜೋಳಕ್ಕೆ ಹಸಿ ಸಾಲದೆ ಹೋಗಬಹುದು, ಅದೂ ನಿಜ. ಅದಕ್ಕೇ ಎಲ್ಲರ ಹೊಲಕ್ಕೂ ಒಂದೇ ಮದ್ದು ಅಂತ ನಾನು ಹೇಳುವುದಿಲ್ಲ.

ಹಾಗೆ ಬರಿದಾಗಿ ಬಿಟ್ಟ ಹೊಲಕ್ಕೆ ಹೊಂದುವುದು ಚೌಕು ಮಡಿ. ಜೂನ್, ಜುಲೈನಲ್ಲಿ ಹೊಲದ ತುಂಬ ಹತ್ತು ಹದಿನೈದು ಅಡಿಗೊಂದರಂತೆ ಗಿಡ್ಡ ಬದು ಎಳೆದು ಚೌಕಾಕಾರದ ಮಡಿ ಮಾಡುವುದು. ಬಿದ್ದ ಮಳೆ ಬಿದ್ದ ಮಡಿಯಲ್ಲೇ ನಿಂತು ಮೆಲ್ಲಗೆ ಇಂಗುತ್ತದೆ. ನೀರು ಓಡದಿದ್ದರೆ ಮಣ್ಣೂ ಓಡುವುದಿಲ್ಲ. ಇದರ ಜೊತೆ ಹರಗುವುದು, ಬಿತ್ತುವುದು ಎಲ್ಲ ಇಳಿಜಾರಿಗೆ ಅಡ್ಡಲಾಗಿ ನಡೆಯಬೇಕು. ಇಳಿಜಾರಿನ ಗುಂಟ ಕೂರಿಗೆ ಹೊಡೆದರೆ ಪ್ರತಿ ಸಾಲೂ ನೀರಿಗೆ ದಾರಿ ಮಾಡಿಕೊಟ್ಟಂತೆ. ಅಪ್ಪ ಟ್ರ್ಯಾಕ್ಟರಿನವರಿಗೆ ಹೊಲ ತೋರಿಸುವಾಗ ಜೊತೆಗೆ ಹೋಗಿ, ನೀರು ಎತ್ತ ಹರಿಯುತ್ತದೆ ಅಂತ ಕೇಳಿ. ತಿರುಗಿಸಲು ಅನುಕೂಲ ಅಂತ ಉದ್ದಕ್ಕೆ ಹೊಡೆಯುವ ರೂಢಿ ಈಗ ಹೆಚ್ಚುತ್ತಿದೆ. ಅಲ್ಲಿ ಹುಡುಗನೊಬ್ಬನ ಪ್ರಶ್ನೆಯೂ ಕೆಲಸ ಮಾಡೀತು.

ಇದೆಲ್ಲ ಇಲ್ಲೇ ಪರೀಕ್ಷೆ ಮಾಡಿ ತಿಳಿದ ವಿದ್ಯೆ. ಬರಗಾಲದ ಸೀಮೆ ಎಂದೇ ವಿಜಯಪುರದಲ್ಲಿ 1933ರಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರ ಶುರುವಾಯಿತು, ಸೊಲ್ಲಾಪುರದ್ದೂ ಅದೇ ವರ್ಷ. ಈಗ ಆ ಬಗೆಯ ಕೆಲಸ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹಿಟ್ನಳ್ಳಿ ಫಾರ್ಮಿನಲ್ಲಿ ನಡೆಯುತ್ತದೆ. ಕೇಂದ್ರ ಶುರುವಾದಾಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಸರಕಾರ 1942ರಲ್ಲಿ ಭೂಸುಧಾರಣೆಯ ಯೋಜನೆಗಳಿಗೆಂದೇ ಕಾಯ್ದೆ ಮಾಡಿತು. ಹೊಲಹೊಲಕ್ಕೂ ಒಡ್ಡು ಹಾಕುವ ಕೆಲಸಕ್ಕೆ ಅದರಿಂದ ಬಲ ಬಂತು. ಬರಗಾಲದ ವರ್ಷಗಳಲ್ಲಿ ಬುಟ್ಟಿ ಹೊತ್ತು ಒಡ್ಡು ಹಾಕಿದವರು ನಿಮ್ಮ ಮುತ್ತಜ್ಜ, ಮುತ್ತಜ್ಜಿಯರು. ಹೊಟ್ಟೆಗಿಲ್ಲದ ದಿನಗಳಲ್ಲಿ ಮಾಡಿದ ಕೆಲಸ ಅದು. ಇವತ್ತು ಆ ಒಡ್ಡುಗಳನ್ನು ಎರಡು ಸಾಲು ಹೆಚ್ಚು ಬಿತ್ತಲಿಕ್ಕೆಂದು ಜೆಸಿಬಿಯಿಂದ ಕೆಡವುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನೆಲವನ್ನು ಬರಿದು ಮಾಡಿದ ತಪ್ಪಿಗೆ ಅಮೆರಿಕದಂಥ ಶ್ರೀಮಂತ ದೇಶವೂ ದಂಡ ತೆತ್ತಿದೆ. ಅಲ್ಲಿ ಹುಲ್ಲುಗಾವಲನ್ನೆಲ್ಲ ಉತ್ತು ಗೋದಿ ಬಿತ್ತಿದರು. ಬರ ಬಂದಾಗ ಬರಿ ನೆಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರ ರವಿವಾರ ಹಗಲೇ ಕತ್ತಲಾಗುವಷ್ಟು ಧೂಳು ಮುಸುಕಿತು. ಅದೇ ತಿಂಗಳ ಕೊನೆಯಲ್ಲಿ ಆ ದೇಶ ಮಣ್ಣಿನ ರಕ್ಷಣೆಗೆ ಕಾಯ್ದೆ ತಂದಿತು.

ಈಗ ನಮಗೆ ಇನ್ನೊಂದು ಎಚ್ಚರಿಕೆ ಬೇಕಾಗಿದೆ. ಕೃಷ್ಣೆಯ ನೀರು ಬಬಲೇಶ್ವರ, ತಿಕೋಟಾ ಸೀಮೆಗೆ ಹತ್ತಿ ಬಂದಿದೆ, ಕೆರೆಗಳು ತುಂಬುತ್ತಿವೆ. ನೀರಿಗಾಗಿ ಕಣ್ಣೀರು ಹಾಕಿದ ಜನ ನಾವು, ಆ ಸಂತೋಷ ದೊಡ್ಡದು. ಆದರೆ ಎರೆಗೆ ಮಿತಿ ಮೀರಿ ನೀರು ಹಾಯಿಸಿದರೆ ಅದು ಇಂಗಿ ಹೋಗುವುದಿಲ್ಲ. ಕೆಳಗಿನ ನೀರು ಮೇಲೇರುತ್ತದೆ, ತನ್ನ ಜೊತೆ ಉಪ್ಪನ್ನು ತರುತ್ತದೆ. ಬಿಸಿಲಿಗೆ ನೀರು ಆರಿದಾಗ ಉಪ್ಪು ಮಣ್ಣಿನ ಮೇಲೆ ಬೆಳ್ಳಗೆ ಉಳಿಯುತ್ತದೆ. ಅದೇ ಸವಳು. ನೀರು ನಿಂತು ಜೌಗಾದರೆ ಜವಳು. ಕೃಷ್ಣೆಯ ದಂಡೆಯ ಜಮಖಂಡಿ, ಅಥಣಿ ಕಡೆ ಕಬ್ಬಿಗೆ ನೀರು ಕಟ್ಟಿ ಕಟ್ಟಿ ಸವಳು ಜವಳಾದ ಹೊಲಗಳಿವೆ. ನಿಮ್ಮ ಬಂಧುಗಳು ಆ ಕಡೆ ಇದ್ದರೆ ಹೋದಾಗ ಕೇಳಿ ನೋಡಿ, ಆ ಮಣ್ಣನ್ನು ಮುಟ್ಟಿ ನೋಡಿ. ಹೊಲಕ್ಕೆ ನೀರು ಬಿಟ್ಟವರು ರಾತ್ರಿ ಮೋಟರ್ ಬಂದ್ ಮಾಡದೆ ಮಲಗಿದರೆ ನೀವು ಎಬ್ಬಿಸಿ. ಹನಿ ನೀರಾವರಿಯ ಪೈಪು ಹಾಕಿದ ದ್ರಾಕ್ಷಿ ತೋಟ ತಿಕೋಟಾ ಕಡೆ ಬೇಕಾದಷ್ಟಿವೆ. ಗಿಡಕ್ಕೆ ಬೇಕಾದಷ್ಟೇ ನೀರು ಕೊಡುವುದು ಹೇಗೆಂದು ಅಲ್ಲಿ ಕಾಣಬಹುದು.

ಹಾಗೆಯೇ ಕಬ್ಬಿನ ರವದಿಗೆ, ಜೋಳದ ಕೂಳೆಗೆ ಬೆಂಕಿ ಹಚ್ಚುವುದೂ ನಿಲ್ಲಬೇಕು. ಮಣ್ಣಿಗೆ ಸೇರಬೇಕಾದ ಸಾವಯವ ಅಂಶ ಹೊಗೆಯಾಗಿ ಹೋಗುತ್ತದೆ, ಮೇಲಿನ ಹುಳಹುಪ್ಪಡಿ ಸಾಯುತ್ತವೆ. ಇದರಲ್ಲಿ ಎರಡು ಮಾತಿಲ್ಲ.

ಬರುವ ಮಳೆಗಾಲಕ್ಕೆ ನಿಮಗೊಂದು ಕೆಲಸ ಹೇಳುತ್ತೇನೆ. ಒಂದೇ ಅಳತೆಯ ಖಾಲಿ ಬಾಟಲಿಗಳನ್ನು ಕೂಡಿಸಿಡಿ. ದೊಡ್ಡ ಮಳೆ ನಿಂತ ಮೇಲೆ, ಗುಡುಗು ಸಿಡಿಲು ಪೂರ್ತಿ ಹೋದ ಮೇಲೆ, ಮೇಷ್ಟ್ರನ್ನೋ ಮನೆಯವರನ್ನೋ ಕರೆದುಕೊಂಡು ಹೋಗಿ ಬೇರೆ ಬೇರೆ ಹೊಲಗಳಿಂದ ಹೊರಗೆ ಹರಿಯುವ ನೀರನ್ನು ಹಿಡಿಯಿರಿ. ಹಳ್ಳಕ್ಕೆ ಇಳಿಯಬೇಡಿ. ಹುಲ್ಲು ಬೆಳೆದ ಒಡ್ಡಿರುವ ಹೊಲದ್ದೊಂದು, ಬರಿ ನೆಲದ್ದೊಂದು, ಹೆಸರು ಬಿತ್ತಿದ್ದೊಂದು, ಚೌಕು ಮಡಿ ಮಾಡಿದ್ದೊಂದು. ಕೊನೆಯದರಲ್ಲಿ ಹಿಡಿಯಲು ನೀರೇ ಸಿಗಲಿಕ್ಕಿಲ್ಲ, ಹಾಗಾದರೆ ಬಾಟಲಿ ಖಾಲಿಯೇ ಇಡಿ. ಮೇಲೆ ಚೀಟಿ ಅಂಟಿಸಿ ಹೊಲ, ತಾರೀಖು ಬರೆಯಿರಿ. ಶಾಲೆಯ ಕಿಟಕಿಯಲ್ಲಿ ಅಲುಗಾಡಿಸದೆ ಇಡಿ. ಮರಳು ಆ ಕ್ಷಣವೇ ತಳ ಸೇರುತ್ತದೆ, ಜೇಡಿಯ ಕಣ ಕೂಡಲು ದಿನಗಟ್ಟಲೆ ಬೇಕು. ನೀರು ತಿಳಿಯಾದ ಮೇಲೆ ತಳದ ಮಣ್ಣನ್ನು ಸ್ಕೇಲಿನಿಂದ ಅಳೆದು ವಹಿಯಲ್ಲಿ ಬರೆದಿಡಿ. ಡಿಸೆಂಬರ್ 5 ವಿಶ್ವ ಮಣ್ಣು ದಿನ. ಅವತ್ತು ಆ ಬಾಟಲಿಗಳನ್ನು ಶಾಲೆಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಹೊಲದ ಯಜಮಾನರನ್ನೆಲ್ಲ ಕರೆಯಿರಿ. ಯಾರನ್ನೂ ಬೈಯುವುದು ಬೇಡ, ತೋರಿಸಿದರೆ ಸಾಕು. ತಮ್ಮ ಒಡ್ಡು ಎಲ್ಲಿ ಒಡೆದಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಬೇಸಿಗೆ ರಜೆಯಲ್ಲಿ ಅದನ್ನು ಕಟ್ಟಲು ಅವರು ಹೊರಟಾಗ ಬುಟ್ಟಿ ಹಿಡಿದು ನೀವೂ ಹೋಗಿ.